ಸಪೂರ ಪೈಪಿಗೊಂದು ಕಪ್ಪು ದಾರ

"ಹಲೋ... ಯಾರು ಮಾತಾಡೂದು?... ಹಾಂ? ಉಮಾನಾ? ಅಂತೂ ನೆನ್ಪಾಯ್ತಾ ಗಂಡನ್ದು?..."

ಸೊಸೆಯ ದನಿ ಬೊಮ್ಮಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಯಾರು ಎಂದು ಕೇಳಿ ಒಮ್ಮೆ ಚುಚ್ಚದಿದ್ದರೆ ಅವಳಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ರಾತ್ರಿ ಹೊತ್ತು ಕಾರವಾರದ ಆಸ್ಪತ್ರೆಯಲ್ಲಿ ಮಗ ನಿತೇಶನ ಮಂಚದ ಬಳಿ ಕೂತಿದ್ದಳು. ಕೆಮ್ಮಿ ಕೆಮ್ಮಿ ಅವನ ಶ್ವಾಸಕೋಶ ತೂತಾಗಿ ಮುದುಡಿತ್ತು. ಪಕ್ಕೆಗೆ ಚುಚ್ಚಿದ ಪೈಪು ನೆಲದ ಮೇಲಿನ ನೀರಿನ ಬಾಟಲಿಗೆ ಇಳಿದಿತ್ತು.

"ಮಗೂಗೆ ಜ್ವರ ಅಲ್ವಾ, ಗೊತ್ತು ಗೊತ್ತು. ಸುಂಕಸಾಳದ ಮನೆಲೇ ಕೂತ್ಕೋ... ಈಗ ಕೇಳ್ತೀಯಾ ಹೇಂಗಿದ್ದಾನೆ ಅಂತ?..."

"ಡಾಕ್ಟ್ರು ಎರಡು ಪೈಪ್ ಹೇಳಿದ್ರಲ್ವಾ? ದಪ್ಪದ್ದೊಂದು, ಸಪೂರದ್ದೊಂದು. ದಪ್ಪದ್ದೇ ಹಾಕ್ಲಿ ಅಂದೆ ನಾ. ನೀನು? 'ನೋವಾಗ್ತದೆ, ಸಪೂರದ್ದೇ ಸಾಕು' ಅಂದು ಸೈ ಹಾಕ್ದೆ... ಏನು? ಎರಡ್ರದ್ದೂ ಒಂದೇ ಕೆಲ್ಸನಾ? ಹಾಗಾರೆ ಪಕ್ಕದ ಮಂಚದ ಜಟ್ಟು? ದಪ್ಪ ಪೈಪು, ಎರಡೇ ದಿನಕ್ಕೆ ಬಾಟ್ಲಿ ನೀರಲ್ಲಿ ಗುಳ್ಳೆ ನಿಂತು ಮನೆಗೆ ಹೋದ. ನನ್ನ ಮಗನ ಬಾಟ್ಲಿ ನೋಡಿದ್ರೆ ಬುಳುಬುಳು ಬುಳುಬುಳು. ಉಸ್ರೆಲ್ಲ ಆ ನೀರಿಗೇ ಹೋಯ್ತು..."

"ನೋಡ್ತಾ ಕೂರೂಕೆ ನಾ ಏನು ನೀನಾ? ನಿಲ್ಸಿದೆ... ಹಾಂ, ನಾನೇ. ದೇವಸ್ಥಾನದ ಪೂಜೆ ಮಾಡೂ ಗುನಗ ಮಂತ್ರಿಸಿ ಕೊಟ್ಟ ಕಪ್ಪು ದಾರ ಪೈಪಿಗೆ ಬಿಗ್ದೆ. ಭತ್ತದ ಹೊರೆಗೆ ಹಾಕೂ ಗಂಟು. ಒಂದು ಗುಳ್ಳೆ ಇಲ್ಲ ಈಗ!..."

ಆ ಕಡೆ ಕೂಗು ಎದ್ದಿತು. ಬೊಮ್ಮಿ ಫೋನನ್ನು ಕಿವಿಯಿಂದ ತುಸು ದೂರ ಹಿಡಿದಳು. ಸೊಸೆ ಹಾಗೆ ಕೂಗಿಕೊಳ್ಳುವುದು ಕೇಳಿ ಅವಳಿಗೆ ಹಿತವೇ ಆಯಿತು.

"ಎಂತಕ್ಕೆ ಬೊಬ್ಬೆ?... ಬಿಚ್ಚೂದಾ? ನಾ ಕಟ್ಟಿದ್ದು ನೀ ಹೇಳ್ದೆ ಅಂತ ಬಿಚ್ಚೂದಾ?... ಗುಳ್ಳೆ ಬರ್ಲೇಬೇಕಾ? ಎದೆಲಿ ಸಿಕ್ಕಿದ ಗಾಳಿಯಾ ಅದು? ಒಳಗೇ ನಿಂತ್ರೆ ಜೀವ ಹಿಂಡ್ತದಾ?... ನರ್ಸಮ್ಮ ಹೇಳಿದ್ದು ನೀ ನಂಗೂ ಹೇಳಿದ್ಯಾ? ಹೇಳಿರ್ಬೇಕು. ನಿನ್ನ ಮಾತು ಯಾರು ಕೇಳ್ತಾರೆ? ಹೆತ್ತವಳಿಗೆ ಕಲ್ಸೂಕೆ ಬರ್ಬೇಡ. ಇನ್ನೊಂದು ಮಾತಾಡಿದ್ರೆ ಫೋನ್ ಇಡ್ತೆ ನಾ..."

"ಅಂವನಾ? ಮಲ್ಗಿದ್ದಾನೆ. ಆಗ ಕೈಕಾಲು ಬಡೀತಿದ್ದ, ಈಗ ತಣ್ಣಗಾದ... ತುಟಿಯಾ? ತುಟಿ ನೋಡೂಕೆ ಎಂತಾ ಉಂಟು?..."

ಆದರೂ ನೋಡಿದಳು. ನೇರಳೆ ಹಣ್ಣು ತಿಂದವನ ತುಟಿಯ ಹಾಗಿತ್ತು. ಪೈಪು ಇದ್ದ ಕಡೆಯ ಎದೆ ಉಬ್ಬಿ ನಿಂತಿತ್ತು, ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಬೊಮ್ಮಿ ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು ದಾರದ ಗಂಟಿಗೆ ಕೈ ಹಾಕಿದಳು.

"ನಿತೇಶಾ... ಏ ನಿತೇಶಾ, ಕಣ್ಣು ಬಿಡಾ!... ಉಮಾ, ಗಂಟು ಬರೂದಿಲ್ವೇ! ಎಳ್ದಷ್ಟೂ ಬಿಗೀತದೆ... ಹಲ್ಲಿಗೂ ಸಿಗೂದಿಲ್ಲ... ನರ್ಸಮ್ಮಾ! ಯಾರಾದ್ರೂ ಬನ್ರೋ!..."

"ಇಲ್ವೇ, ಯಾರೂ ಇಲ್ಲ ಇಲ್ಲಿ... ಎಂತಾ ಮಾಡೂದು ಹೇಳೇ, ನೀ ಹೇಳಿದ್ದು ಕೇಳ್ತೆ... ಫೋನ್ ಇಡ್ಬೇಡ್ವೇ ನನ್ನವ್ವಾ... ಹಲೋ?... ಉಮಾ?... ಹಲೋ..."

ಲೈನು ಕಡಿದುಹೋಗಿತ್ತು.