ಹಳದಿ ಕೊಡೆಯ ಹುಡುಗಿ

ನಗು, ನಗು. ಕಾರ್ಮಿಕ ಸಂಘದವರಿಗೂ ಹೇಳಿಬಿಡು. ನಾಳೆ ಗೇಟಿನ ಮುಂದೆ ಭಾಷಣ ಬಿಗಿಯೋ ನಿನ್ನ ಗಂಡ ಇವತ್ತು ಹಲ್ಲುನೋವು ಅಂತ ಸುಳ್ಳು ಹೇಳಿ, ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ, ಪ್ರೇಮದ ಸಿನಿಮಾ ನೋಡಿ ಬಂದ ಅಂತ. ಅವರಿಗೆ ಆಗಲೇ ಗೊತ್ತು ಬಿಡು. ಆ ನಾಯಕಿ ಸಿನಿಮಾ ಬಂದ ದಿನವೇ ನಿನ್ನ ಹಲ್ಲು ಯಾಕಪ್ಪಾ ನೋಯುತ್ತೆ ಅಂತ ಫೋರ್‌ಮನ್ ಕೇಳಿದ.

ಕಥೆನಾ? ಕಥೆ ಎಲ್ಲಿಂದ ಬರಬೇಕು. ನಾಯಕನಿಗೆ ಕೆಲಸ ಇಲ್ಲ ಬೊಗಸೆ ಇಲ್ಲ, ಮೂರು ಅಂತಸ್ತಿನ ಮನೆ. ಅವಳದು ಹೂವಿನಂಗಡಿಯಂತೆ, ಒಂದು ಬಕೆಟ್ ನೀರು ಎತ್ತಲಿಲ್ಲ... ಆದ್ರೂ ಹೋಗ್ತೀನಿ. ನನ್ನ ನಾಯಕಿ ಕಣೇ ಅವಳು. ಹೊಟ್ಟೆಕಿಚ್ಚು ಪಡಬೇಡ.

ಏನಂದೆ? ಟಿಕೆಟ್ ತಗೊಂಡು ಕಣ್ಣು ಮುಚ್ಚಿ ಕೂರೋ ಗಿರಾಕಿ ನಾನೊಬ್ಬನೇನಾ? ಹೌದು, ಮತ್ತೆ. ಒಂಬತ್ತು ವರ್ಷದಿಂದ ಪರದೆ ಮೇಲೆ ಅವಳು ಬಾಯಿ ಆಡಿಸ್ತಾಳೆ, ಡಬ್ಬಿಂಗ್ ರೂಮಿನಲ್ಲಿ ನಿಂತು ಮಾತಾಡೋಳು ನೀನು. ಅವಳು ಅತ್ತರೆ ಬಿಕ್ಕು ನಿಂದು. ಕೇಳೋಕೆ ಕಣ್ಣು ಯಾಕೆ ಬೇಕು? ಕೊನೆಗೆ ಹೆಸರುಗಳು ಬರುತ್ವೆ. ಟೀ ಕೊಟ್ಟವರ ಹೆಸರೂ ಇರುತ್ತೆ. ಇರಲಿ, ಇರಬೇಕು. ನಿಂದು ಮಾತ್ರ ಇಲ್ಲ! ಕಸ ಗುಡಿಸೋಳು ಬಂದು ಏಳಿ ಸ್ವಾಮಿ ಅನ್ನೋ ತನಕ ಕೂತು ಹುಡುಕ್ತೀನಿ ನಾನು.

ಸರಿ ಸರಿ. ಭಾಷಣ ನಾಳೆಗಿರಲಿ.

ಇವತ್ತಿನ ಸಿನಿಮಾದಲ್ಲಿ ಏನೇನಿತ್ತು ಅಂತನಾ? ಹೇಳ್ತೀನಿ ತಡಿ. ಮೊದಲು ಮಳೆ. ಅವಳು ಹಳದಿ ಕೊಡೆ ಹಿಡಿದು ರಸ್ತೆ ದಾಟ್ತಾಳೆ. ನೀಲಿ ಅಂಗಿ, ಅದಕ್ಕೆ ಬಿಳಿ ಗುಂಡಿ, ಮೇಲಿನದು ಒಂದು ಕಿತ್ತುಹೋಗಿದೆ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತೆ, ಗೊತ್ತಾ ನಿಂಗೆ? ನಂಗೆ ಇವತ್ತೇ ಗೊತ್ತಾಗಿದ್ದು.

ಬಸ್ ನಿಲ್ದಾಣದ ಜಗಳನಾ? ಒಂದೇ ಉಸಿರಲ್ಲಿ ಹೇಳೋದು, ನಲವತ್ತು ಸಲ ಹೇಳಿಸಿ ನಿನ್ನ ಗಂಟಲು ಕಟ್ಟಿಸಿದ್ರಲ್ಲ, ಅದು... ಇತ್ತು. ಬಂತು. ಚೆನ್ನಾಗಿತ್ತು. ಕೊಡೆ ಮಡಚಿ ಬೆಂಚಿನ ಮೇಲಿಟ್ಟಳು. ಬೆಂಚಿಗೆ ಹಸಿರು ಬಣ್ಣ. ಆಮೇಲೆ ಅವನು...



ನಗು ಎಲ್ಲಿ ಹೋಯ್ತು? ಇನ್ನೂ ಇದೆ, ಕೇಳು. ಅವನ ಹತ್ತಿರ ಒಂದು ಕೆಂಪು ಸೈಕಲ್ ಇರುತ್ತೆ...

ಹಾಗೆ ನೋಡಬೇಡ. ನನ್ನ ಕಣ್ಣನ್ನೇ ಯಾಕೆ ನೋಡ್ತೀಯ?

...

ಹೂಂ ಕಣೇ. ಅವಳು ಮೊದಲ ಮಾತಾಡಿದ ತಕ್ಷಣ ಕಣ್ಣು ಬಿಟ್ಟೆ. ನಿಂದಲ್ಲ, ಯಾರದೋ ದನಿ. ಆಮೇಲೆ ಮುಚ್ಚೋಕೆ ಮನಸ್ಸು ಬರಲಿಲ್ಲ.