ಮೇಷ್ಟ್ರ ಪದ್ಯಕ್ಕೆ ಕೊಟ್ಟ ಕಮಾಂಡ್

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಯಾರೋ ಒಬ್ಬ ಅಕ್ಕ, ಅವಳ ತಮ್ಮ ಕುಳಿತಿದ್ದರು. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ತಮ್ಮನ ತೊಡೆಯ ಮೇಲೆ, ಒಳಗೆ ಕಣ್ಣಿನ ಆಪರೇಷನ್ ಆಗಿ ಮಲಗಿದ್ದ ಅವರ ಮೇಷ್ಟ್ರ ಹೊಸ ಪದ್ಯದ ಪುಸ್ತಕವಿತ್ತು.

"ಮೇಷ್ಟ್ರ ಪದ್ಯಗಳೆಲ್ಲ ಗದ್ಯ ಆಗಿದ್ದು ಹೇಗೋ?"

"ಮುನ್ನುಡಿಯ ಸಾಲುಗಳು ಅಂಚು ದಾಟ್ತಿದ್ವು ಅಕ್ಕಾ. ಕಂಪ್ಯೂಟರಿಗೆ ಸಾಲು ಸರಿಮಾಡೋ ಕಮಾಂಡ್ ಕೊಟ್ಟೆ. ಮುನ್ನುಡಿಗೆ ಮಾತ್ರ ಕೊಡ್ಬೇಕಿತ್ತು, ಇಡೀ ಪುಸ್ತಕಕ್ಕೆ ಕೊಟ್ಬಿಟ್ಟೆ. ಅದು ಪದ್ಯದ ಗಿಡ್ಡ ಸಾಲುಗಳನ್ನೂ ಸೇರಿಸಿ ಪ್ಯಾರಾ ಮಾಡ್ಬಿಡ್ತು."

"ಅಚ್ಚಿಗೆ ಕಳ್ಸೋ ಮುಂಚೆ ನೋಡ್ಲಿಲ್ವಾ? ಕಣ್ಣಿಗೆ ಪಟ್ಟಿ ಕಟ್ಕೊಂಡಿರೋದು ಅವ್ರೋ, ನೀನೋ?"

"ಅಚ್ಚಾದ್ಮೇಲೆ ನೋಡ್ದೆ."

"ನಿನ್ನೆ ಅವ್ರಿಗೆ ಓದಿ ಹೇಳ್ದಾಗಲಾದ್ರೂ ಬಾಯಿ ಬಿಡಬಾರ್ದಿತ್ತಾ?"

"ಪದ್ಯದ ಸಾಲು ಮುಗೀಬೇಕಾದಲ್ಲೆಲ್ಲ ನಾನೇ ನಿಲ್ಲಿಸಿ ಓದ್ದೆ. ಒಂದು ಸಾಲೂ ತಪ್ಪಿಲ್ಲ ಕಣೋ ಅಂತ ಬೆನ್ನು ತಟ್ಟಿದ್ರು."

ಅಕ್ಕ ಮುಖ ತಿರುಗಿಸಿದಳು.

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. "ಮೇಷ್ಟ್ರ ಕಡೆಯವ್ರು ಬನ್ನಿ. ಪಟ್ಟಿ ಬಿಚ್ಚಿದೀವಿ. ಮೊದ್ಲು ಪುಸ್ತಕ ನೋಡ್ಬೇಕಂತೆ."

ತಮ್ಮ ಪುಸ್ತಕವನ್ನು ಅಕ್ಕನತ್ತ ಚಾಚಿದ.

"ನೀನೇ ಕೊಡಕ್ಕಾ."

"ಬೆನ್ನು ತಟ್ಟಿಸ್ಕೊಂಡೋನು ನೀನು. ನಡಿ ಮುಂದೆ."

ಪುಸ್ತಕವನ್ನು ಎದೆಗವಚಿಕೊಂಡ ತಮ್ಮ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ತಲೆ ತಗ್ಗಿಸಿ ಒಳಗೆ ಹೋದ.