ಜಾಲರಿಯ ಕೆಳಗಿನ ಕಣ್ಣು

ಇದು ನಮ್ಮ ಮೇಲಿನ ಮನೆಯ ಡಾಕ್ಟರ್ ಬೇಯಾಗೆ ಆದದ್ದು. ಸ್ಫಾಕ್ಸ್ ಬಂದರಿನ ಹಿಂದಿನ ಬೀದಿಯಲ್ಲಿ, ಕಬ್ಬಿಣದ ಮುಚ್ಚಳ ಹಾಕಿದ ಹಳೇ ಬಾವಿ ಇದೆಯಲ್ಲ... ಅದರ ಪಕ್ಕ ಆಸ್ಪತ್ರೆಯಿಂದ ಒಬ್ಬಳೇ ನಡೆದು ಬರ್ತಿದ್ದಳು. ರಾತ್ರಿ ಒಂದೂವರೆ. ಮನೆಯಲ್ಲಿ ಕಾಯೋರಿಲ್ಲ, ಹಾಗಾಗಿ ಅವಸರವೂ ಇಲ್ಲ. ಬಾವಿಯೊಳಗಿಂದ ಸದ್ದು... ಸರ್ರ್... ಸರ್ರ್... ಒದ್ದೆ ಹಗ್ಗ ಕಲ್ಲಿಗೆ ಉಜ್ಜಿದ ಹಾಗೆ. ನಿಂತಳು. ಸದ್ದೂ ನಿಂತಿತು. ಅಷ್ಟರಲ್ಲಿ ಫೋನು.

"ವಾಪಸ್ ಬನ್ನಿ ಡಾಕ್ಟರೇ," ಅಂದ ಆಸ್ಪತ್ರೆಯ ಟೆಕ್ನಿಷಿಯನ್ ಮುನ್ಸಿಫ್. "ಲಲ್ಲಾ ಮಹಬೂಬಾನ ಕರ್ಕೊಂಡು ಬಂದಿದ್ದಾರೆ. ಹಾರ್ಟ್ ಅಟ್ಯಾಕ್."

ಮಹಬೂಬಾ ಮೀನುಗಾರರ ಕೇರಿಯ ಮುದುಕಿ, ಹಿರಿಯಳಂತ ಎಲ್ಲರೂ 'ಲಲ್ಲಾ' ಅಂತಾರೆ. ಗಂಡ ತಿಜಾನಿ ಬಲೆ ಹೆಣೆಯೋದರಲ್ಲಿ ಹೆಸರಾದವನು. ಹನ್ನೊಂದು ವರ್ಷದ ಹಿಂದೆ ಕಡಲಿಗೆ ಹೋದವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಎರಡು ವರ್ಷದ ಕೆಳಗೆ ಬೇಯಾನೇ ಅವಳ ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಹೃದಯಕ್ಕೆ ಹೊಸ ಕವಾಟ ಕೂರಿಸಿದ್ದಳು. ಕವಾಟದ ಸುತ್ತ ಎತ್ತರದ ಲೋಹದ ಜಾಲರಿ. ಹೃದಯಕ್ಕೆ ರಕ್ತ ಕೊಡುವ ನಾಳಗಳ ಬಾಯಿ ಈಗ ಅದರ ಹಿಂದೆ. ಜಾಲರಿಯ ಒಂದು ಕಣ್ಣಿನಲ್ಲಿ ನಳಿಕೆ ನುಗ್ಗಿದರೆ ಮಾತ್ರ ಬ್ಲಾಕ್ ತೆಗೆಯಬಹುದು. ಯಾವ ಕಣ್ಣು?

ಕೋಣೆಯಲ್ಲಿ ಬೇಯಾ, ಒಬ್ಬ ನರ್ಸು. ಗಾಜಿನಾಚೆ ಮುನ್ಸಿಫ್. ಅಷ್ಟೇ ಜನ.

ನಳಿಕೆ ಲೋಹಕ್ಕೆ ತಾಗಿ ಜಾರಿತು. ಇನ್ನೊಂದು ನಳಿಕೆ. ಅದೂ ಜಾರಿತು. ಅರ್ಧ ಗಂಟೆ ಹೋಯಿತು. ಮಾನಿಟರ್... ಟುಂಕ್... ಟುಂಕ್...... ಟುಂಕ್.

"ಬಿಪಿ ಬೀಳ್ತಿದೆ," ನರ್ಸ್ ಪಿಸುಗುಟ್ಟಿದಳು.

ಆ ಹೊತ್ತಿನಲ್ಲಿ ಕರೆಯೋಕೆ ಇನ್ನೊಬ್ಬ ಡಾಕ್ಟರಿಲ್ಲ. ಬೇಯಾ ಮೂರನೇ ನಳಿಕೆ ಎತ್ತಿಕೊಂಡಳು. ಆಗ ಕಿವಿಯ ಹತ್ತಿರವೇ ಒಂದು ಗಂಡುದನಿ, ಮೆಲ್ಲಗೆ...

"ಮೇಲಿನದು ಬಿಡು ತಾಯೀ... ಕೆಳಗಿನ ಸಾಲು. ಎಡಗಡೆ ಕಣ್ಣು."

ಗಾಜಿನಾಚೆಯಿಂದ ಮುನ್ಸಿಫ್ ಮೈಕಲ್ಲಿ ಹೇಳಿದ ಅಂದುಕೊಂಡಳು ಬೇಯಾ. ನಳಿಕೆ ಇಳಿಸಿ, ಎಡಕ್ಕೆ ತಿರುಗಿಸಿದಳು. ನುಗ್ಗಿತು! ಪರದೆಯ ಮೇಲೆ ನಾಳದ ತುಂಬ ಕಪ್ಪು ಬಣ್ಣ ಹರಿಯಿತು. ಬ್ಲಾಕ್ ಬಿಡಿಸಿ ಸ್ಟೆಂಟ್ ಹಾಕಿದಳು. ಟುಂಕ್, ಟುಂಕ್, ಟುಂಕ್.

ಕೆಲಸ ಮುಗಿಸಿ ಗಾಜಿನಾಚೆಯ ಕೋಣೆಗೆ ಬಂದಳು. "ಭಲೇ ಮುನ್ಸಿಫ್, ಒಳ್ಳೇ ಹೊತ್ತಿಗೆ ಹೇಳಿದೆ!"

"ನಾನಾ? ಮೈಕ್ ಸಂಜೆಯೇ ಕೆಟ್ಟಿದೆ. ನಾನು ಇಲ್ಲಿಂದ ಕಿರುಚಿದರೂ ನಿಮಗೆ ಕೇಳಿಸಲ್ಲ. ನಿದ್ದೆಗೆಟ್ಟಿದೀರಿ, ಕಾಫಿ ಕುಡೀರಿ."

ಬೆಳಗಿನ ಜಾವ ಮಹಬೂಬಾ ಕಣ್ಣು ಬಿಟ್ಟಳು.

"ಹೋದನಾ?"

"ಯಾರು ಲಲ್ಲಾ?"

"ನಮ್ಮೋನು... ತಿಜಾನಿ. ಒದ್ದೆ ಹಗ್ಗ ಎಳ್ಕೊಂಡು ಬಂದಿದ್ದ. ನನ್ನ ಕರ್ಕೊಂಡು ಹೋಗೋಕೆ ಬಂದ ಅಂದ್ಕೊಂಡೆ. ನಿನ್ನ ಪಕ್ಕ ನಿಂತು ಏನೋ ಹೇಳಿದ... ನನ್ನ ಕಡೆ ತಿರುಗೂ ನೋಡದೆ ಹೋದ."

ಮುಖ ಗೋಡೆಗೆ ತಿರುಗಿಸಿದಳು. ಬೇಯಾ ಅವಳ ಕೈ ಹಿಡಿದು ಕೂತಳು.

ನಂಬಿ, ಬಿಡಿ. ನಡೆದದ್ದು ನಡೆದದ್ದೇ. ಆ ರಾತ್ರಿಯ ಎಕ್ಸ್‌-ರೇ ಚಿತ್ರಾನ ಬೇಯಾ ನನಗೇ ತೋರಿಸಿದಳು. ನಳಿಕೆ ನುಗ್ಗುವ ಮುಂಚೆ, ಪರದೆಯ ಮೂಲೆಯಿಂದ ಒಂದು ಕೈ ಆ ಕೆಳಗಿನ ಕಣ್ಣಿನತ್ತ ಬೆರಳು ಚಾಚಿದೆ. ಎಕ್ಸ್‌-ರೇಗೆ ಯಾರ ಕೈ ಅಡ್ಡ ಬಂದರೂ ಮೂಳೆಯ ಸುತ್ತ ಮಾಂಸದ ಮಬ್ಬು ನೆರಳು ಬೀಳುತ್ತೆ.

ಇದಕ್ಕೆ ಬಿದ್ದಿಲ್ಲ... ಬರೀ ಮೂಳೆ.